ಓಸ್ ಊರಿಗೆ, ‘ದಿ ಗ್ಯಾದರಿಂಗ್’ ತಂಡದ ಜಾಡಿನಲ್ಲಿ

ಡೆನ್ ಬಾಸ್‌ನಿಂದ ನೈಮೇಖೆನ್‌ಗೆ ಹೋಗುವ ರೈಲು ಮಾರ್ಗದ ನಡುವೆ ಓಸ್ ಎಂಬ ಊರಿದೆ. ನೆದರ್‌ಲ್ಯಾಂಡ್ಸ್‌ನ ಉತ್ತರ ಬ್ರಬಾಂಟ್ ಪ್ರಾಂತ್ಯದ ಈ ಊರಿನಲ್ಲಿ ನಾನು ಇಳಿದದ್ದು, ಹಾನ್ಸ್ ಮತ್ತು ರೆನೆ ರುಟೆನ್ ಸಹೋದರರು 1989ರಲ್ಲಿ ಗೆಳೆಯರೊಡನೆ ಕಟ್ಟಿದ ‘ದಿ ಗ್ಯಾದರಿಂಗ್’ ಎಂಬ ಡೂಮ್ ಮೆಟಲ್ ಸಂಗೀತ ತಂಡದ ಮೇಲಿನ ಅಭಿಮಾನದಿಂದ. ಡೂಮ್ ಮೆಟಲ್ ಎಂದರೆ ಭಾರವಾದ ಗಿಟಾರಿನ ವಿಳಂಬ ಲಯದ ಸಂಗೀತ. ಅಂಥ ವಿಷಾದ ಮೊಳೆತ ಊರು ಹೇಗಿದ್ದೀತು ಎಂಬ ಕುತೂಹಲ ನನ್ನದಾಗಿತ್ತು.

ವಿಷಾದವೇನೂ ಕಾಣಲಿಲ್ಲ. ಇಟ್ಟಿಗೆ ಮನೆಗಳು, ಸೈಕಲ್ ದಾರಿಗಳು, ಕಾರ್ಖಾನೆಗಳು. ಯುರ್ಖೆನ್ಸ್ ಕುಟುಂಬ 1871ರಲ್ಲಿ ಮಾರ್ಗರಿನ್ ತಯಾರಿಕೆ ಆರಂಭಿಸಿದ್ದು ಇಲ್ಲಿಯೇ. ಕಸಾಯಿಖಾನೆಯಲ್ಲಿ ಉಳಿಯುತ್ತಿದ್ದ ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ತೆಗೆಯುವ ಉದ್ದೇಶದಿಂದ 1923ರಲ್ಲಿ ಆರ್ಗನಾನ್ ಕಂಪನಿ ಹುಟ್ಟಿದ್ದೂ ಇಲ್ಲಿಯೇ. ನೆಲದ ಗುಣವೇ ಸಂಗೀತಕ್ಕೆ ಇಳಿಯುತ್ತದೆ ಎಂದು ವಾದಿಸುವವರು ಓಸ್‌ನ ಬೀದಿಗಳಲ್ಲಿ ಒಮ್ಮೆ ನಡೆದಾಡಬೇಕು.

ನಡೆಯುತ್ತಲೇ ಅವರ ಆಲ್ಬಮ್‌ಗಳನ್ನು ಹುಟ್ಟಿದ ಕ್ರಮದಲ್ಲಿ ಕೇಳಿದೆ. 1992ರ ‘ಆಲ್ವೇಸ್’ನಲ್ಲಿ ಗಾಯಕ ಬಾರ್ಟ್ ಸ್ಮಿಟ್ಸ್‌ನ ಘರ್ಜನೆಯ ಪಕ್ಕದಲ್ಲಿ ಹೆಣ್ಣುದನಿಯೂ ಇದೆ, ಮರುವರ್ಷದ ಎರಡನೆಯ ಆಲ್ಬಮ್ ಗಾಯನದಲ್ಲಿಯೇ ಸೋತಿತು. ಅನಂತರ ಬಂದವರು ಆನೆಕೆ ವಾನ್ ಗೀರ್ಸ್‌ಬರ್ಗೆನ್. ಜರ್ಮನಿಯ ಹಾಗೆನ್‌ನಲ್ಲಿ ಧ್ವನಿಮುದ್ರಿಸಿದ, 1995ರಲ್ಲಿ ಹೊರಬಂದ ‘ಮ್ಯಾಂಡಿಲಿಯನ್’ನಲ್ಲಿ ಗಿಟಾರುಗಳು ಮೊದಲಿನಷ್ಟೇ ಭಾರವಾಗಿ ನೆಲ ಹಿಡಿದು ಕುಳಿತಿದ್ದರೂ, ಅಲಂಕಾರಕ್ಕೆ ಆಸೆಪಡದ ಆಕೆಯ ತೆರೆದ ಕಂಠ ಅವುಗಳ ಮೇಲೆ ನಿರಾಯಾಸವಾಗಿ ಏರುತ್ತದೆ. ತಂಡದ ಕೀರ್ತಿಗೆ ಆ ಕಂಠವೊಂದೇ ಕಾರಣವೆಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ. 1998ರ ಜೋಡಿ ಸಿಡಿ ‘ಹೌ ಟು ಮೆಷರ್ ಎ ಪ್ಲಾನೆಟ್?’ನಲ್ಲಿ ಮೆಟಲ್ ಬಹುಪಾಲು ಕರಗಿಹೋಗಿದೆ, ಆದರೆ ಹಾನ್ಸ್‌ನ ಡ್ರಮ್ಸ್ ಅವಸರಪಡುವುದಿಲ್ಲ. ಸುಮಾರು 28 ನಿಮಿಷದ ಅದರ ಶೀರ್ಷಿಕೆ ಗೀತೆಯನ್ನು ಹೊತ್ತು ನಡೆಸುವುದು ಆ ವಿಳಂಬವೇ. ಡೂಮ್ ಅನ್ನು ತೊರೆದರೆಂದು ಅಂದು ಮುನಿಸಿಕೊಂಡ ಅಭಿಮಾನಿಗಳು ಲಯದ ಕಡೆಗೆ ಕಿವಿಗೊಡಲಿಲ್ಲವೇನೋ. 2007ರಲ್ಲಿ ಆನೆಕೆ ಹೊರನಡೆದ ಮೇಲೆ ನಾರ್ವೆಯ ಸಿಲ್ಯೆ ವೆರ್ಗೆಲಾಂಡ್ ಗಾಯಕಿಯಾಗಿ ಬಂದಾಗಲೂ ಆ ವಿಳಂಬ ಲಯ ಉಳಿಯಿತು.

ಸಂಜೆಯ ರೈಲಿನಲ್ಲಿ ನೈಮೇಖೆನ್ ತಲುಪಿದೆ. ನಿಲ್ದಾಣದ ಪಕ್ಕದಲ್ಲಿಯೇ ಡೋರ್ನ್‌ರೋಸ್ಯೆ ಸಭಾಂಗಣವಿದೆ. 2014ರ ನವೆಂಬರ್‌ನಲ್ಲಿ, ತಂಡಕ್ಕೆ 25 ವರ್ಷ ತುಂಬಿದ ಸಂದರ್ಭದಲ್ಲಿ, ಬಾರ್ಟ್, ಆನೆಕೆ ಮತ್ತು ಸಿಲ್ಯೆ ಮೂವರೂ ಇಲ್ಲಿನ ವೇದಿಕೆಯಲ್ಲಿ ಹಾಡಿದ್ದರು. ಆ ಬಳಿಕ ತಂಡ ದೀರ್ಘ ವಿರಾಮ ಪಡೆಯಿತು; ಮುಂದಿನ ಆಲ್ಬಮ್ ಬಂದದ್ದು 2022ರಲ್ಲಿ.