ಸೂರ್ಯನೂ ಸೋತ ಊರು

ಮೂರು ವಾರದಿಂದ ಇಂಗ್ಲಿಷ್ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್‌ನ ಲಂಡನ್ನಿನಲ್ಲೇ ಅಲೆಯುತ್ತಿದ್ದೇನೆ. ಪರೀಕ್ಷೆಗೆಂದು ಹಿಡಿದ ಪುಸ್ತಕಗಳು, ಈಗ ಪರೀಕ್ಷೆಯೇ ಮರೆತುಹೋಗಿದೆ.

‘ಬ್ಲೀಕ್ ಹೌಸ್’ (1852–53) ಶುರುವಾಗುವುದೇ ನವೆಂಬರ್ ತಿಂಗಳ ಕೆಸರಿನಿಂದ. 40 ಅಡಿ ಉದ್ದದ ಮೆಗಲೋಸಾರಸ್ ಎಂಬ ಡೈನೋಸಾರ್ ಹಲ್ಲಿಯಂತೆ ಹೋಬರ್ನ್ ದಿಬ್ಬ ಹತ್ತಿ ಬಂದರೂ ಆಶ್ಚರ್ಯವಿಲ್ಲವಂತೆ. ಚಿಮಣಿಗಳಿಂದ ಉದುರುವ ಮಸಿಯ ಚಕ್ಕೆಗಳೋ, ಸೂರ್ಯ ಸತ್ತನೆಂದು ಸೂತಕ ಹಿಡಿದ ಹಿಮದ ಹಾಗೆ. ಇಷ್ಟನ್ನು ಓದಿದ ಮೇಲೆ ನನ್ನ ನೋಟ್ಸಿನಲ್ಲಿರುವ ‘ಆಧುನಿಕತೆಯೊಂದಿಗಿನ ಮುಖಾಮುಖಿ’ ಎಂಬ ಸಾಲು ಒಣಗಿದ ಚಪಾತಿಯಂತೆ ಕಾಣುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ‘ಡಾಂಬಿ ಅಂಡ್ ಸನ್’ (1846–48). ರೈಲು ಹಳಿಗಾಗಿ ಲಂಡನ್ನಿನ ಕ್ಯಾಮ್ಡೆನ್ ಟೌನ್ ಬಡಾವಣೆಯನ್ನು ಅಗೆದು ಹಾಕಿದ್ದಾರೆ. ಬೀದಿಗಳು ನಡುವೆಯೇ ಕಡಿದುಹೋಗಿವೆ, ಮನೆಗಳು ಮರದ ಆಸರೆಯ ಮೇಲೆ ನಿಂತಿವೆ. ಕೆಲವು ಅಧ್ಯಾಯ ಕಳೆದು ಮತ್ತೆ ಹೋದರೆ ಆ ಬಡವರ ಕೇರಿಯೇ ಇಲ್ಲ! ಗಡಿಯಾರಗಳೂ ರೈಲಿನ ಸಮಯವನ್ನೇ ತೋರಿಸುತ್ತಿವೆ, ಸೂರ್ಯನೇ ಸೋಲೊಪ್ಪಿಕೊಂಡ ಹಾಗೆ. ಇದು ಬರೀ ಅಲಂಕಾರವಲ್ಲ. ರೈಲು ಬರುವ ಮೊದಲು ಊರೂರಿಗೂ ಸೂರ್ಯನನ್ನು ನೋಡಿ ಇಟ್ಟ ಅದರದೇ ಹೊತ್ತು ಇತ್ತು, ಪಶ್ಚಿಮದ ಬ್ರಿಸ್ಟಲ್ ಲಂಡನ್ನಿಗಿಂತ ಸುಮಾರು 10 ನಿಮಿಷ ಹಿಂದೆ. ರೈಲಿಗೆ ಅದು ಒಗ್ಗಲಿಲ್ಲ.

ತಮಾಷೆಯೆಂದರೆ, ಕ್ಯಾಮ್ಡೆನ್ ಸೀಳಿಕೊಂಡು ಬಂದ ಆ ಹಳಿ ಕೊನೆಗೊಳ್ಳುವ ಯೂಸ್ಟನ್ ನಿಲ್ದಾಣದಲ್ಲೇ 1848ರಲ್ಲಿ ಡಬ್ಲ್ಯು. ಎಚ್. ಸ್ಮಿತ್ ಪುಸ್ತಕದ ಮಳಿಗೆ ತೆರೆಯಿತು, ಪ್ರಯಾಣದಲ್ಲಿ ಓದಿಕೊಳ್ಳಲೆಂದು.