‘ಏನೂ ಆಗಲ್ಲ’ ಅಂದುಬಿಟ್ಟಿದ್ದೆ

ಜರ್ಮನಿಯ ಸ್ಟುಟ್‌ಗಾರ್ಟ್ ಸುತ್ತಮುತ್ತ ಕಾರಿನ ಬಿಡಿಭಾಗ ಮಾಡುವ ಕಂಪನಿಗಳು ತುಂಬಾ. ಅಂಥದ್ದೊಂದರಲ್ಲಿ ನಾನು ಎಂಟು ಜನರ ತಂಡ ನೋಡಿಕೊಳ್ಳುತ್ತೇನೆ. ಎರಡು ವರ್ಷದ ಹಿಂದೆ ಒಂದು ಸೋಮವಾರ ತಂಡದವರು ಕೇಳಿದರು, “ಜನರನ್ನು ತೆಗೀತಾರಂತೆ, ನಿಜವಾ?” ನನ್ನ ಮೇಲಿನವರು ಹೇಳಿದ್ದನ್ನೇ ನಾನೂ ಹೇಳಿದೆ. “ಏನೂ ಆಗಲ್ಲ, ತಲೆ ಕೆಡಿಸಿಕೊಳ್ಳಬೇಡಿ.”

ಗುರುವಾರ ಬೆಳಿಗ್ಗೆ ಊರಿನ ಪತ್ರಿಕೆಯಲ್ಲಿ ಬಂತು. ನಮ್ಮಲ್ಲಿ ಜನ ಕಡಿತ.

ಯಾರೂ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ವಾಸಿಯಿತ್ತು. ಮೇಲ್‌ಗಳು ಉದ್ದವಾದವು, ಸಿಸಿಯಲ್ಲಿ ಹೆಸರುಗಳು ಜಾಸ್ತಿಯಾದವು. ಬಾಯಲ್ಲಿ ಮುಗಿಯುತ್ತಿದ್ದ ಮಾತಿಗೂ “ಇದನ್ನು ಬರೆದು ಕಳಿಸ್ತೀರಾ?” ಅನ್ನತೊಡಗಿದರು. ಇಲ್ಲಿ ಮಧ್ಯಾಹ್ನ ಎದುರಾದವರೆಲ್ಲ “ಮಾಲ್‌ತ್ಸೈಟ್” ಅನ್ನುತ್ತಾರೆ. ‘ಊಟದ ಹೊತ್ತು’ ಅಂತ ಅರ್ಥ, ನಮ್ಮ ‘ಊಟ ಆಯ್ತಾ’ ಇದ್ದ ಹಾಗೆ. ನನಗೂ ಅಂದರು. ಆಮೇಲೆ ತಟ್ಟೆ ಹಿಡಿದು ಬೇರೆ ಮೇಜಿಗೆ ಹೋದರು.

ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಅವರು ದಾವಣಗೆರೆಯಲ್ಲಿ ಹತ್ತಿ ಮಿಲ್ಲಿನಲ್ಲಿದ್ದವರು. ಅಲ್ಲಿನ ಮಿಲ್ಲುಗಳು ಒಂದೊಂದಾಗಿ ಮುಚ್ಚಿದ್ದು ನಿಮಗೆ ಗೊತ್ತೇ ಇದೆ. “ನಮಗೆ ಗೇಟಿಗೆ ಚೀಟಿ ಅಂಟಿಸಿದ ಮೇಲೇ ಗೊತ್ತಾಗಿದ್ದು ಕಣೋ. ಹಿಂದಿನ ದಿನ ಸೂಪರ್‌ವೈಸರು ನಗ್ತಾ ಮಾತಾಡ್ಸಿದ್ದ,” ಅಂದರು. ಇಷ್ಟು ವರ್ಷವಾದರೂ ಅಪ್ಪನಿಗೆ ಮಾಲೀಕರ ಮೇಲಿಗಿಂತ ಆ ಸೂಪರ್‌ವೈಸರನ ಮೇಲೇ ಸಿಟ್ಟು. ಈಗ ಆ ಸೂಪರ್‌ವೈಸರು ನಾನೇ ಆಗಿದ್ದೆ.

ಆದರೆ ಇಲ್ಲಿ ಗೇಟಿಗೆ ಚೀಟಿ ಅಂಟಿಸಿ ಕೈ ತೊಳೆದುಕೊಳ್ಳಲು ಆಗುವುದಿಲ್ಲ. ಕಾಯಂ ನೌಕರರು ಐದು ಜನ ಇದ್ದರೆ ಸಾಕು, ಅವರು ತಮ್ಮದೊಂದು ಮಂಡಳಿ ಆರಿಸಿಕೊಳ್ಳಬಹುದು. ಅದಕ್ಕೆ ‘ಬೆಟ್ರೀಬ್ಸ್‌ರಾಟ್’ ಅನ್ನುತ್ತಾರೆ. ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ. ಇದು ಯೂನಿಯನ್ ಅಲ್ಲ, ಕಾರ್ಖಾನೆಯೊಳಗಿನ ಮಂಡಳಿ. ಯಾರನ್ನಾದರೂ ಕೆಲಸದಿಂದ ತೆಗೆಯುವ ಮುಂಚೆ ಇವರ ಅಭಿಪ್ರಾಯ ಕೇಳಲೇಬೇಕು. ಕೇಳದೆ ಕೊಟ್ಟ ನೋಟಿಸು ಕಾನೂನಿನಲ್ಲಿ ನಿಲ್ಲುವುದೇ ಇಲ್ಲ. ಕೆಲಸಗಾರರ ಮೇಲೆ ಕಣ್ಣಿಡುವಂಥ ಸಾಫ್ಟ್‌ವೇರ್ ಹಾಕಬೇಕಾದರೂ ಇವರು ಒಪ್ಪಬೇಕು. ಬೆಂಗಳೂರಿನಿಂದ ಬಂದ ಹೊಸದರಲ್ಲಿ ನನಗೆ ಇದೆಲ್ಲ ಕಿರಿಕಿರಿ ಅನ್ನಿಸಿತ್ತು. ಓವರ್‌ಟೈಮ್‌ಗೂ ಇವರ ಒಪ್ಪಿಗೆ ಬೇಕಾ ಅಂತ ಗೊಣಗಿದ್ದೆ.

ಮಂಡಳಿಯವರು ಮೂರು ತಿಂಗಳಿಗೊಮ್ಮೆ ನೌಕರರ ಸಭೆ ಕರೆಯುತ್ತಾರೆ, ಅದೂ ಕೆಲಸದ ಹೊತ್ತಿನಲ್ಲೇ, ಸಂಬಳ ಕತ್ತರಿಸದೆ. ಆ ಸಲದ ಸಭೆಗೆ ನಮ್ಮ ನಿರ್ದೇಶಕರು ಸ್ಲೈಡ್‌ಗಳ ಜೊತೆ ಬಂದರು. ಹಿಂದಿನ ಸಾಲಿನಿಂದ ಯಾರೋ ಕೇಳಿದರು, “ಪತ್ರಿಕೆಯವರಿಗೆ ಗೊತ್ತಿದ್ದದ್ದು ನಮಗೆ ಯಾಕೆ ಗೊತ್ತಿರಲಿಲ್ಲ?” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಹೇಳಬೇಕಿತ್ತು. ಹೇಳಲಿಲ್ಲ. ತಪ್ಪು ನನ್ನದು,” ಅಂದರು. ಚಪ್ಪಾಳೆ ಬೀಳಲಿಲ್ಲ. ಈ ಕಡೆಯ ಜನ ಹಾಗೆಲ್ಲ ಕರಗುವವರಲ್ಲ. ‘ಬೈಯಲಿಲ್ಲ ಅಂದರೆ ಅದೇ ಹೊಗಳಿಕೆ’ ಅಂತ ಇವರಲ್ಲೊಂದು ಗಾದೆಯೇ ಇದೆ.

ಕ್ಷಮೆ ಕೇಳಿದ್ದಕ್ಕಿಂತ ಆಮೇಲೆ ನಡೆದದ್ದು ದೊಡ್ಡದು ಅಂತ ನನ್ನ ಲೆಕ್ಕ. ಆರ್ಡರ್ ಎಷ್ಟಿದೆ, ನಷ್ಟ ಎಷ್ಟು ಅನ್ನುವ ಲೆಕ್ಕವನ್ನು ನಿರ್ದೇಶಕರು ಮಂಡಳಿಯ ಮುಂದೆ ಬಿಚ್ಚಿಟ್ಟರು. ನಾವು ಎಷ್ಟು ಹೊತ್ತಿಗೆ ಎಷ್ಟು ಟಿಕೆಟ್ (ಅಂದರೆ ನಮಗೆ ಒಪ್ಪಿಸಿದ ಕೆಲಸ) ಮುಗಿಸಿದೆವು ಅಂತ ಅಳೆಯುವ ಸಾಫ್ಟ್‌ವೇರ್ ತರಬೇಕು ಅಂತ ಹಟ ಹಿಡಿದಿದ್ದವರು ಅದನ್ನು ತಾವೇ ಕೈಬಿಟ್ಟರು. ಪ್ರತಿ ಮಂಗಳವಾರ ಹತ್ತು ಗಂಟೆಗೆ ಕ್ಯಾಂಟೀನಿನಲ್ಲಿ ಕೂತಿರುತ್ತೇನೆ, ಯಾರು ಏನು ಬೇಕಾದರೂ ಕೇಳಿ ಅಂದರು. ಮೊದಲ ಮಂಗಳವಾರ ಯಾರೂ ಹೋಗಲಿಲ್ಲ. ಎರಡನೆಯದಕ್ಕೂ ಇಲ್ಲ. ಅವರು ಮಾತ್ರ ಬ್ರೆಟ್ಸೆಲ್ ಅನ್ನುವ ಇಲ್ಲಿನ ಬ್ರೆಡ್ಡು ಮುರಿದುಕೊಂಡು ಒಬ್ಬರೇ ಕೂತಿದ್ದರು. ಐದನೆಯ ವಾರ ಗೋದಾಮಿನ ಇಬ್ಬರು ಹೋಗಿ ಕೂತರು.

ತಿಂಗಳುಗಟ್ಟಲೆ ಮಾತುಕತೆ ನಡೆಯಿತು. ಕೊನೆಗೆ ಬಲವಂತದ ನೋಟಿಸು ಬೇಡ, ತಾವಾಗಿಯೇ ಬಿಡುವವರಿಗೆ ಸೇವೆಯ ವರ್ಷಗಳ ಲೆಕ್ಕದಲ್ಲಿ ಹಣ ಅಂತ ಒಪ್ಪಂದವಾಯಿತು. ಹೋದವರು ಹೋದರು, ನಮ್ಮ ತಂಡದಿಂದಲೂ ಇಬ್ಬರು.

ಉಳಿದ ಆರು ಜನರ ಜೊತೆ ನನ್ನ ಲೆಕ್ಕ ಹಾಗೇ ಬಾಕಿ ಇತ್ತು. “ನನಗೂ ಮೇಲಿನವರು ಹೀಗೇ ಹೇಳಿದ್ದರು” ಅನ್ನಬಹುದಿತ್ತು. ನಿಜವೂ ಹೌದು. ಆದರೆ ಗೊತ್ತಿಲ್ಲದ್ದನ್ನು ಗೊತ್ತಿದೆ ಅನ್ನುವ ಹಾಗೆ ಹೇಳಿದ್ದು ನಾನೇ ಅಲ್ವಾ? ಧೈರ್ಯ ತುಂಬುವುದೇ ದೊಡ್ಡವರ ಕೆಲಸ ಅಂತ ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಇಲ್ಲಿನವರಿಗೆ ಅದು ಮೋಸದ ಹಾಗೆ ಕಾಣುತ್ತದೆ. ಅಷ್ಟನ್ನೇ ಅವರ ಮುಂದೆ ಹೇಳಿದೆ, ನನ್ನ ಅರೆಬರೆ ಜರ್ಮನ್‌ನಲ್ಲೇ. ಅವತ್ತಿನಿಂದ ಸೋಮವಾರದ ಮೀಟಿಂಗಿನಲ್ಲಿ ಬೋರ್ಡಿನ ಮೇಲೆ ಎರಡು ಸಾಲು ಬರೆಯುತ್ತೇನೆ. ಗೊತ್ತಿರುವುದು, ಗೊತ್ತಿಲ್ಲದ್ದು. ಎರಡನೆಯದೇ ಯಾವಾಗಲೂ ಉದ್ದ. ಅದರಲ್ಲಿ ಪ್ರತಿಯೊಂದರ ಎದುರಿಗೂ ಯಾವ ದಿನ ಉತ್ತರ ಹೇಳುತ್ತೇನೆ ಅಂತ ತಾರೀಕು. ಉತ್ತರ ಸಿಗದಿದ್ದರೂ ಆ ದಿನ ಹೋಗಿ “ಸಿಗಲಿಲ್ಲ” ಅನ್ನುತ್ತೇನೆ. ಮೊದಮೊದಲು ಇದನ್ನು ನೋಡಿ ನಕ್ಕರು.

ತಂಡದಲ್ಲಿ ಟೆಸ್ಟಿಂಗ್ ಮಾಡುವ ಹಿರಿಯರೊಬ್ಬರಿದ್ದಾರೆ. ನಿವೃತ್ತಿಗೆ ಹತ್ತಿರ. ಆ ಗುರುವಾರದಿಂದ ಕೆಲಸದ ಮಾತು ಬಿಟ್ಟು ಬೇರೊಂದು ಮಾತೂ ನನ್ನ ಜೊತೆ ಆಡಿರಲಿಲ್ಲ. ಹೋದ ತಿಂಗಳು ಗುರುವಾರ ಸಂಜೆ, ಎಲ್ಲರೂ ಹೊರಟ ಮೇಲೆ, ಲ್ಯಾಪ್‌ಟಾಪ್ ಹಿಡಿದು ನನ್ನ ಮೇಜಿಗೆ ಬಂದರು. ಬಾಗಿಲು ಹಾಕಿದರು. “ಮೂರು ವಾರದ ನನ್ನ ಟೆಸ್ಟು ತಪ್ಪಾಗಿದೆ. ತಪ್ಪು ಸೆಟ್ಟಿಂಗ್ ಹಾಕಿದ್ದೆ. ಬೇರೆ ಯಾರಿಗೂ ಇನ್ನೂ ಗೊತ್ತಿಲ್ಲ,” ಅಂದರು. ಗ್ರಾಹಕರಿಗೆ ಕೊಡಲು ಒಂಬತ್ತು ದಿನ ಉಳಿದಿತ್ತು.

ಶುಕ್ರವಾರ ಮ್ಯೂನಿಕ್‌ಗೆ ಹೋಗುವ ನನ್ನ ರೈಲು ಟಿಕೆಟ್ ರದ್ದು ಮಾಡಿ, ಇನ್ನೊಂದು ಕುರ್ಚಿ ಎಳೆದೆ.