ಮಲ್ಪೆಯ ಮಾವ ಹೇಳಿಕೊಟ್ಟ ಅಂಟಿನ ಲೆಕ್ಕ

ಇಲ್ಲಿ ಇಲಿನಾಯ್‌ನಲ್ಲಿ ಅಕ್ಟೋಬರ್ ಕೊನೆಗೆ ಮೆಕ್ಕೆಜೋಳದ ಕೊಯ್ಲು ಮುಗಿಯುತ್ತಾ ಬರುತ್ತದೆ. ಕಣ್ಣು ಹಾಯುವಷ್ಟು ದೂರ ಬೋಳು ನೆಲ. ನೋಡಿದಾಗೆಲ್ಲ ನನಗೆ ಉಡುಪಿ ಕಡೆಯ ಬಾಕಿಮಾರು ಗದ್ದೆ ನೆನಪಾಗುತ್ತದೆ. ಅಂಥದೊಂದು ಹೊಲದಲ್ಲಿ ಹೋದ ವರ್ಷ ನಾನೇ ಕಟ್ಟಿದ ರಾಕೆಟ್ ಹಾರಿಸಿದೆ.

ಇದು ದೀಪಾವಳಿಯ ರಾಕೆಟ್ ಅಲ್ಲ. ಕಿಟ್ ಪೆಟ್ಟಿಗೆಯಲ್ಲಿ ಬರುತ್ತದೆ. ದಪ್ಪ ರಟ್ಟಿನ ಕೊಳವೆ, ಪ್ಲೈವುಡ್‌ನ ಮೂರು ರೆಕ್ಕೆ, ಬಳೆಯಂಥ ಮರದ ರಿಂಗುಗಳು, ಪ್ಲಾಸ್ಟಿಕ್ ಮೂತಿ, ಪ್ಯಾರಾಚೂಟ್, ಒಂದಿಷ್ಟು ಹಗ್ಗ. ಮೋಟಾರ್ ಬೇರೆ ಕೊಳ್ಳಬೇಕು. ಮೋಟಾರ್‌ಗಳಿಗೆ ಎ, ಬಿ, ಸಿ ಎಂದು ಅಕ್ಷರ ಕೊಟ್ಟಿದ್ದಾರೆ. ಒಂದೊಂದು ಅಕ್ಷರ ಮುಂದೆ ಹೋದಂತೆ ಮೋಟಾರ್ ಕೊಡುವ ಒಟ್ಟು ತಳ್ಳುವಿಕೆಯ ಮಿತಿ ಎರಡರಷ್ಟಾಗುತ್ತದೆ. ಅದನ್ನು ಅಳೆಯುವುದು ನ್ಯೂಟನ್-ಸೆಕೆಂಡ್‌ನಲ್ಲಿ. ಎಚ್ ಅಂದರೆ 160ರಿಂದ 320 ನ್ಯೂಟನ್-ಸೆಕೆಂಡ್. ಅಲ್ಲಿಂದ 'ಹೈ ಪವರ್' ಶುರು. 18 ವರ್ಷ ತುಂಬಿರಬೇಕು, ಪರೀಕ್ಷೆ ಪಾಸಾಗಬೇಕು. ಪರೀಕ್ಷೆ ಅಂದರೆ ಹಾರಿಸಿ ತೋರಿಸುವುದೇ. ಪ್ಯಾರಾಚೂಟ್ ಬಿಚ್ಚಬೇಕು, ರಾಕೆಟ್ ಮುರಿಯದೆ ಇಳಿಯಬೇಕು, ಹುಡುಕಿ ತಂದು ಪರೀಕ್ಷೆ ಮಾಡುವವರ ಕೈಗೆ ಕೊಡಬೇಕು.

ನನಗೆ ಹಗುರವಾದದ್ದೇ ಬೇಕಿತ್ತು. ಇಂಧನ 125 ಗ್ರಾಂ ಒಳಗಿದ್ದು, ಒಟ್ಟು ತೂಕ 1500 ಗ್ರಾಂ ದಾಟದೆ, ಕಾಗದ, ಮರ, ಪ್ಲಾಸ್ಟಿಕ್‌ನಿಂದ ಮಾಡಿದ್ದಾದರೆ ಇಲ್ಲಿನ ವಿಮಾನಯಾನ ಇಲಾಖೆಯ ವಿಶೇಷ ಅನುಮತಿ ಬೇಕಿಲ್ಲ. ಕಾನೂನಿಗಿಂತ ಹೆಚ್ಚಾಗಿ, ಹಗುರ ಇದ್ದರೆ ಅದೇ ಮೋಟಾರ್‌ನಲ್ಲಿ ಮೇಲೆ ಹೋಗುತ್ತದೆ, ಇಳಿಯುವಾಗ ಪೆಟ್ಟೂ ಕಡಿಮೆ.

ಆದರೆ ಕೈ ಕೇಳಬೇಕಲ್ವಾ? ಗಟ್ಟಿ ಇರಲಿ ಅಂತ ರೆಕ್ಕೆಯ ಬುಡಕ್ಕೆ ಎಪಾಕ್ಸಿ ಅಂಟು ಸುರಿದೆ. ಒಣಗಿದ ಮೇಲೆ ಅಡುಗೆಮನೆಯ ತೂಕದ ಮೆಷಿನ್ ಮೇಲಿಟ್ಟರೆ ಅಂದುಕೊಂಡದ್ದಕ್ಕಿಂತ 20 ಗ್ರಾಂ ಜಾಸ್ತಿ.

ಇಪ್ಪತ್ತು ಗ್ರಾಂ ಎಷ್ಟರದ್ದು ಅನ್ನಿಸಬಹುದು. ಆದರೆ ಅದು ಬಾಲದಲ್ಲಿದೆ. ರಾಕೆಟ್ ನೆಟ್ಟಗೆ ಹೋಗಬೇಕಾದರೆ ಭಾರದ ನಡುಬಿಂದು ಮುಂದಿರಬೇಕು, ಗಾಳಿಯ ಒತ್ತಡದ ನಡುಬಿಂದು ಹಿಂದಿರಬೇಕು. ಎರಡರ ನಡುವೆ ಕೊಳವೆಯ ಅಗಲದಷ್ಟಾದರೂ ಅಂತರ ಬೇಕು. ನನ್ನದಕ್ಕೆ 66 ಮಿಲಿಮೀಟರ್. ದೀಪಾವಳಿ ರಾಕೆಟ್‌ಗೆ ಉದ್ದ ಕಡ್ಡಿ ಕಟ್ಟುವುದೂ ಇದಕ್ಕೇ. ಕಡ್ಡಿ ಮುರಿದ ರಾಕೆಟ್ ಅಂಗಳದಲ್ಲೆಲ್ಲ ಓಡಾಡಿದ್ದನ್ನು ನಾವೆಲ್ಲ ನೋಡಿದವರೇ. ನನ್ನ 20 ಗ್ರಾಂ ಅಂಟು ಭಾರದ ಬಿಂದುವನ್ನು ಸ್ವಲ್ಪ ಹಿಂದಕ್ಕೆ ಎಳೆದಿತ್ತು. ಸರಿ ಮಾಡಲು ಮೂತಿಗೆ ಹೆಚ್ಚುಕಡಿಮೆ ಅಷ್ಟೇ ಭಾರ ತುಂಬಬೇಕು. ಅಂದರೆ ಅಂಟಿನ ಬೆಲೆ ಎರಡು ಸಲ ಕೊಟ್ಟ ಹಾಗೆ.

ಬೇಜಾರಲ್ಲಿ ಮಲ್ಪೆಯ ಮಾವನಿಗೆ ವಿಡಿಯೋ ಕಾಲ್ ಮಾಡಿದೆ. ಅವರು ಎಷ್ಟೋ ವರ್ಷದಿಂದ ಫೈಬರ್ ದೋಣಿ ರಿಪೇರಿ ಮಾಡುವವರು. ರಾಕೆಟ್ ಅಂದಾಗ ಸ್ವಲ್ಪ ಗಾಬರಿಯಾದರು. ರೆಕ್ಕೆಯ ಬುಡ ತೋರಿಸಿದ ಕೂಡಲೇ ಕೆಲಸದ ಮಾತಿಗೆ ಬಂದರು.

"ಎಂತ ಮಾರಾಯ್ತಿ, ಇಷ್ಟು ಯಾಕೆ ಹಾಕಿದ್ದು? ರೆಸಿನ್ ಜಾಸ್ತಿ ಆದ್ರೆ ಗಟ್ಟಿ ಆಗುದಿಲ್ಲ, ಭಾರ ಆಗುದು ಅಷ್ಟೇ. ಗಟ್ಟಿ ಕೊಡುದು ಮ್ಯಾಟ್." ರೆಸಿನ್ ಅಂದರೆ ಅಂಟು, ಮ್ಯಾಟ್ ಅಂದರೆ ದೋಣಿಗೆ ಹಾಕುವ ಗಾಜಿನ ನಾರಿನ ಹಾಸು.

ಆಮೇಲೆ ಅರ್ಧ ಗಂಟೆ ಪಾಠ. ಅಂಟುವ ಜಾಗವನ್ನು ಮೊದಲು ಪಾಲಿಶ್ ಪೇಪರ್‌ನಲ್ಲಿ ಒರಟು ಮಾಡಬೇಕು. ನುಣುಪು ಮೈಗೆ ಅಂಟು ಕಚ್ಚುವುದಿಲ್ಲ. ಧೂಳು ಒರೆಸಬೇಕು. ಒಂದೇ ಸಲಕ್ಕೆ ಜಾಸ್ತಿ ಕಲಸಬಾರದು, ಬಟ್ಟಲಲ್ಲೇ ಬಿಸಿಯಾಗಿ ಗಟ್ಟಿಯಾಗುತ್ತದೆ. ರೆಕ್ಕೆಯ ಎರಡೂ ಬದಿಗೆ ಟೇಪ್ ಹಚ್ಚಿ, ಐಸ್‌ಕ್ರೀಮ್ ಕಡ್ಡಿಯ ದುಂಡು ತುದಿಯಿಂದ ಒಮ್ಮೆ ಎಳೆದು, ಅಂಟು ಒಣಗುವ ಮೊದಲೇ ಟೇಪ್ ಕೀಳಬೇಕು. ನಾನು ಮೂರು ಸಂಜೆ ಕೂತು ಹಳೆಯ ಅಂಟನ್ನು ಉಜ್ಜಿ ತೆಗೆದೆ. ಬೆರಳ ತುದಿ ಸವೆದು ಉರಿಯುತ್ತಿತ್ತು. ಮತ್ತೆ ಹಚ್ಚಿದಾಗ ಬುಡದಲ್ಲಿ ಬಂದ ಗೆರೆ ತೆಳ್ಳಗೆ, ನಯವಾಗಿ, ದೋಣಿಯ ಒಳಮೈಯ ಹಾಗೆಯೇ ಇತ್ತು. ತೂಗಿದೆ. ಹದಿನಾರು ಗ್ರಾಂ ಇಳಿದಿತ್ತು.

ಹಾರಿಸುವ ದಿನ ಸಾಲಿನಲ್ಲಿ ನಿಂತಿದ್ದ ವಯಸ್ಸಾದವರೊಬ್ಬರು ನನ್ನ ಊರು ಕೇಳಿದರು. ಉಡುಪಿ ಎಂದೆ. 1975ರಲ್ಲಿ ಹಾರಿದ ಭಾರತದ ಮೊದಲ ಉಪಗ್ರಹ ಆರ್ಯಭಟದ ಕೆಲಸ ಮುನ್ನಡೆಸಿದ ಯು. ಆರ್. ರಾವ್ ಹುಟ್ಟಿದ್ದು ನಮ್ಮ ಅದಮಾರಿನಲ್ಲಿ ಎಂದೂ ಹೇಳಿದೆ. ಹೇಳುವಾಗ ಗಂಟಲು ತುಂಬಿ ಬಂತು.

ಸುರಕ್ಷತೆ ನೋಡುವವರು ರೆಕ್ಕೆ ಅಲ್ಲಾಡಿಸಿ ನೋಡಿದರು, ಭಾರದ ಬಿಂದು ಗುರುತು ಮಾಡಿದ್ದೀರಾ ಎಂದು ಕೇಳಿದರು, ಸಹಿ ಹಾಕಿದರು. ನೂರು ಅಡಿ ದೂರದಲ್ಲಿ ನಿಂತು ಗುಂಡಿ ಒತ್ತಿದೆ. ಜಾತ್ರೆಯ ಗರ್ನಾಲ್ ಎದೆಗೆ ಬಡಿಯುತ್ತದಲ್ಲ, ಹಾಗೆ ಒಂದು ಸದ್ದು. ಮೋಟಾರ್ ಉರಿದದ್ದು ಒಂದೂವರೆ ಸೆಕೆಂಡೂ ಇಲ್ಲ. ಆಮೇಲೆ ಅದು ಸದ್ದಿಲ್ಲದೆ, ಓಲಾಡದೆ, ಗೆರೆ ಎಳೆದ ಹಾಗೆ ಏರುತ್ತಲೇ ಹೋಯಿತು. ಆ ಹತ್ತು ಸೆಕೆಂಡ್ ನಾನು ಉಸಿರಾಡಿದ ನೆನಪಿಲ್ಲ. ಆಮೇಲೆ ಒಂದು ಚಿಕ್ಕ ಹೊಗೆ, ಕಿತ್ತಳೆ ಬಣ್ಣದ ಪ್ಯಾರಾಚೂಟ್.

ಕೊಯ್ದ ಜೋಳದ ಕೂಳೆಯ ನಡುವೆ ಕಾಲು ಗಂಟೆ ನಡೆದು ಹುಡುಕಿದೆ. ಒಳಗಿಟ್ಟಿದ್ದ ಎತ್ತರ ಅಳೆಯುವ ಯಂತ್ರ 540 ಮೀಟರ್ ತೋರಿಸಿತು. ಅಲ್ಲಿಂದಲೇ ಮಾವನಿಗೆ ಕರೆ ಮಾಡಿದೆ. ಮಲ್ಪೆಯಲ್ಲಿ ರಾತ್ರಿ ಒಂಬತ್ತೂವರೆ. ನಾನು ಎತ್ತರ ಹೇಳುವ ಮೊದಲೇ ಅವರು, "ರೆಕ್ಕೆಯ ಬುಡ ಹತ್ತಿರ ಹಿಡಿ, ಬಿರುಕು ಉಂಟಾ?" ಎಂದರು. ಮೂರೂ ರೆಕ್ಕೆಯನ್ನು ಒಂದೊಂದಾಗಿ ಫೋನಿನ ಎದುರು ತಿರುಗಿಸಿದೆ.

"ಇಲ್ಲ ಮಾವ. ಒಂದು ಗೀರೂ ಇಲ್ಲ."